ತೊಟ್ಟಿಲ ಕೂಸಿನ ಛಾಯಾಚಿತ್ರ

ಮನೆಯಲ್ಲಿ ಮಗು ಜನಿಸಿದೊಡನೆ ಅದರ ವಿಷಯವಾಗಿ ಏನನ್ನಾದರೂ ಬರೆದಿಡಬೇಕೆಂಬ ಆಸೆಯು ಮನುಷ್ಯನಿಗೆ ಬಹು ಪುರಾತನವಾದುದು. ಭರತಖಂಡದ ಗೃಹಸ್ಥರು ಈ ಆಸೆಯನ್ನು ಜಾತಕದ ಮೂಲಕ ತೀರಿಸಿಕೊಂಡರು. ತಿಥಿ ವಾರ ನಕ್ಷತ್ರಗಳನ್ನೂ ಗ್ರಹಗಳ ಸ್ಥಾನಗಳನ್ನೂ ಓಲೆಯ ಮೇಲೆಯೋ ಕಾಗದದ ಮೇಲೆಯೋ ಬರೆಯಿಸಿ, ಅರಿಸಿನ ಕುಂಕುಮಗಳನ್ನು ಹಚ್ಚಿ, ಪೆಟ್ಟಿಗೆಯಲ್ಲಿ ಭದ್ರಪಡಿಸಿದರು. ಆದರೆ ಜಾತಕವು ಕೂಸು ಹುಟ್ಟಿದ ಗಳಿಗೆಯಲ್ಲಿ ಆಕಾಶವು ಹೇಗಿದ್ದಿತೆಂಬುದನ್ನು ತಿಳಿಸುತ್ತದೆಯೇ ಹೊರತು ಕೂಸು ಹೇಗಿದ್ದಿತೆಂಬುದನ್ನು ತಿಳಿಸುವುದಿಲ್ಲ. ಹತ್ತು ದಿನದ ಮಗುವಿನ ಮುಖವು ಇಪ್ಪತ್ತನೆಯ ದಿನಕ್ಕೆ ಇರುವುದಿಲ್ಲ. ಮೂರು ತಿಂಗಳಾಗುವಷ್ಟರಲ್ಲಿ ಹೆತ್ತ ತಾಯಿಗೇ ಆ ಮೊದಲಿನ ಮುಖವು ಅಸ್ಪಷ್ಟವಾಗಿಬಿಡುತ್ತದೆ. ರಾಜಮಹಾರಾಜರು ಚಿತ್ರಕಾರರನ್ನು ಕರೆಯಿಸಿ ತಮ್ಮ ಕುಮಾರರ ಪಟಗಳನ್ನು ಬರೆಯಿಸಿರಬಹುದು. ಸಾಮಾನ್ಯ ಗೃಹಸ್ಥನಿಗೆ ಜ್ಞಾಪಕವೊಂದೇ ಗತಿಯಾಗಿದ್ದಿತು.

ಛಾಯಾಗ್ರಹಣವೆಂಬ ವಿದ್ಯೆಯು ಲೋಕಕ್ಕೆ ಬಂದಾಗ ಈ ಕೊರತೆಯು ತತ್‌ಕ್ಷಣವೇ ನೀಗಿರಬೇಕೆಂದು ಯಾರಾದರೂ ಊಹಿಸಬಹುದು. ವಾಸ್ತವದಲ್ಲಿ ಹಾಗಾಗಲಿಲ್ಲ. ಪರ್ವತಗಳೂ ದೇವಾಲಯಗಳೂ ರಾಜಭವನಗಳೂ ಯಂತ್ರದ ಮುಂದೆ ಸುಲಭವಾಗಿ ನಿಂತವು; ಎಲ್ಲಕ್ಕಿಂತ ಕಡೆಯಲ್ಲಿ, ಎಲ್ಲಕ್ಕಿಂತ ಕಷ್ಟದಿಂದ ಯಂತ್ರಕ್ಕೆ ವಶವಾದುದು ಎಳೆಯ ಕೂಸು. ಅದಕ್ಕೆ ಕಾರಣಗಳು ಮೂರು. ಕೂಸು ನಿಶ್ಚಲವಾಗಿರಲಾರದು, ಕೂಸು ಇರುವ ಕೋಣೆಯಲ್ಲಿ ಬೆಳಕಿರದು, ಕೂಸನ್ನು ನೋಡಿಕೊಳ್ಳುವವರಿಗೆ ರಸಾಯನವಿದ್ಯೆ ತಿಳಿಯದು. ಈ ಮೂರು ಅಡ್ಡಿಗಳು ಒಂದೊಂದಾಗಿ ಸರಿದು, ತಂದೆತಾಯಿಗಳೇ ತಮ್ಮ ಮನೆಯಲ್ಲಿ ತಮ್ಮ ಮಗುವಿನ ಚಿತ್ರವನ್ನು ತೆಗೆಯುವಂತಾದುದು ಹೇಗೆಂಬುದು ವಿಚಾರಾರ್ಹವಾದ ವಿಷಯವು.

ಫ್ರಾನ್ಸ್ ದೇಶದ ನಿಯೆಪ್ಸ್ ಎಂಬಾತನು 1826-27ರ ಸುಮಾರಿನಲ್ಲಿ ತನ್ನ ಮನೆಯ ಕಿಟಕಿಯಿಂದ ಕಾಣುವ ದೃಶ್ಯವನ್ನು ಲೋಹದ ತಗಡಿನ ಮೇಲೆ ಮೂಡಿಸಿದಾಗ ಅದಕ್ಕೆ ಅನೇಕ ಗಂಟೆಗಳ ಬಿಸಿಲು ಬೇಕಾಗಿದ್ದಿತು. ಅವನ ತರುವಾಯ ಡಾಗೇರ್ ಎಂಬಾತನು ಕಂಡುಹಿಡಿದ ವಿಧಾನವು 1839ನೆಯ ಇಸವಿ ಜನವರಿ 7ರಂದು ಪ್ಯಾರಿಸ್ಸಿನ ವಿಜ್ಞಾನ ಪರಿಷತ್ತಿನಲ್ಲಿ ಘೋಷಿತವಾಯಿತು. ಅದರ ವಿವರಗಳು ಅದೇ ವರ್ಷದ ಆಗಸ್ಟ್ 19ರಂದು ಬಹಿರಂಗವಾದವು. ಗಂಟೆಗಳು ಹೋಗಿ ನಿಮಿಷಗಳಾದವು. ಆದರೂ ಉರಿಬಿಸಿಲಿನಲ್ಲಿ ಕೆಲವು ನಿಮಿಷಗಳ ಕಾಲ ರೆಪ್ಪೆ ಬಡಿಯದೆ ಕುಳಿತಿರುವುದು ದೊಡ್ಡವರಿಗೇ ದುಸ್ಸಾಧ್ಯವಾಗಿದ್ದಿತು. ಇಂಗ್ಲೆಂಡಿನಲ್ಲಿ ಬೇರೊಂದು ವಿಧಾನವನ್ನು ಕಂಡುಹಿಡಿದ ಟಾಲ್ಬಟ್ಟನು 1840ರ ಅಕ್ಟೋಬರ್ ತಿಂಗಳಲ್ಲಿ ತನ್ನ ಪತ್ನಿಯ ಚಿತ್ರವನ್ನು ತೆಗೆದಾಗ ಆಕೆಯು ಮೂರು ನಿಮಿಷಗಳ ಕಾಲ ಅಲುಗಾಡದೆ ಇರಬೇಕಾಯಿತು. ಮನೆಯವರೇ ಮನೆಯವರ ಚಿತ್ರವನ್ನು ತೆಗೆದ ಅತಿ ಪ್ರಾಚೀನವಾದ ದೃಷ್ಟಾಂತಗಳಲ್ಲಿ ಇದೊಂದು. ಪತ್ನಿಯು ಪತಿಯ ಮಾತಿಗಾಗಿ ಮೂರು ನಿಮಿಷ ಶಿಲೆಯಾದಾಳು. ಹಸುಗೂಸು ಯಾರ ಮಾತಿಗಾಗಿ ಶಿಲೆಯಾದೀತು?

ವಿಜ್ಞಾನಿ ಚಾರ್ಲ್ಸ್ ಡಾರ್ವಿನ್ನನ ಸಂಸಾರದ ವೃತ್ತಾಂತವು ಆ ಕಾಲದ ಸ್ಥಿತಿಯನ್ನು ಚೆನ್ನಾಗಿ ತೋರಿಸುತ್ತದೆ. ಅವನ ಹಿರಿಯ ಮಗ ವಿಲಿಯಮನು 1839ರ ಡಿಸೆಂಬರ್ 27ರಂದು, ಎಂದರೆ ಛಾಯಾಗ್ರಹಣವು ಪ್ರಕಟವಾದ ವರ್ಷದಲ್ಲಿಯೇ, ಜನಿಸಿದನು. ಮಗುವಿನ ಸೀನು, ಬಿಕ್ಕಳಿಕೆ, ಮೊದಲ ನಗೆ, ಮೊದಲ ಕೋಪ, ಎಲ್ಲವನ್ನೂ ತಂದೆಯು ಪುಸ್ತಕದಲ್ಲಿ ಬರೆದಿಟ್ಟನು. ಆ ಟಿಪ್ಪಣಿಗಳೇ 1877ರಲ್ಲಿ ಒಂದು ಪ್ರಸಿದ್ಧ ಲೇಖನವಾಗಿ ಹೊರಬಂದವು. ಲೇಖನಿಗೆ ಸಾಧ್ಯವಾದುದು ಯಂತ್ರಕ್ಕೆ ಸಾಧ್ಯವಾಗಲಿಲ್ಲ. 1842ರಲ್ಲಿ, ಮೂರು ವರ್ಷವೂ ತುಂಬದ ಆ ಬಾಲಕನನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡು ಡಾರ್ವಿನ್ನನು ಚಿತ್ರವನ್ನು ತೆಗೆಯಿಸಿಕೊಂಡನು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವನಿಗೆ ಹುಟ್ಟಿದ ಹೆಣ್ಣುಮಗುವು ಒಂದು ತಿಂಗಳೂ ಬದುಕಲಿಲ್ಲ. ಮತ್ತೊಬ್ಬ ಮಗಳು ಆ್ಯನಿಯು ಹತ್ತನೆಯ ವಯಸ್ಸಿನಲ್ಲಿ, 1851ರಲ್ಲಿ, ತೀರಿಕೊಂಡಳು. ಅವಳ ಚಿತ್ರವನ್ನು ಎರಡು ವರ್ಷಗಳ ಹಿಂದೆ ತೆಗೆಯಿಸಿದ್ದರು. ಮಗಳು ಸತ್ತ ಕೆಲವೇ ದಿನಗಳಲ್ಲಿ ಶೋಕತಪ್ತನಾದ ತಂದೆಯು ಬರೆದ ಸ್ಮರಣಲೇಖದಲ್ಲಿ, ಚಿತ್ರವು ಅವಳ ಆಕಾರವನ್ನು ಹೋಲುತ್ತದೆಯಾದರೂ ಅವಳ ಮುಖಭಾವವು ಅದರಲ್ಲಿ ಇಲ್ಲವೇ ಇಲ್ಲವೆಂದು ಹೇಳಿಕೊಂಡಿದ್ದಾನೆ. ನಿಶ್ಚಲವಾಗಿ ಕುಳಿತ ಮುಖವು ಮಗಳ ಮುಖವಲ್ಲವೆಂಬುದು ಆ ತಂದೆಯ ಅನುಭವವು.

1851ರಲ್ಲಿಯೇ ಫ್ರೆಡರಿಕ್ ಸ್ಕಾಟ್ ಆರ್ಚರ್ ಎಂಬಾತನು ಪ್ರಕಟಪಡಿಸಿದ ಒದ್ದೆಫಲಕದ ವಿಧಾನದಿಂದ ನಿಮಿಷಗಳು ಕ್ಷಣಗಳಾದವು. ಆದರೆ ಗಾಜಿನ ಫಲಕಕ್ಕೆ ರಸವನ್ನು ಲೇಪಿಸಿ, ಅದು ಒಣಗುವ ಮುನ್ನ ಚಿತ್ರವನ್ನು ತೆಗೆದು, ಒಡನೆಯೇ ಕತ್ತಲೆಕೋಣೆಯಲ್ಲಿ ತೊಳೆಯಬೇಕಾಗಿದ್ದುದರಿಂದ ಈ ಕೆಲಸವು ವೃತ್ತಿಗಾರರ ಅಂಗಡಿಗಳಲ್ಲಿಯೇ ಉಳಿಯಿತು. ಆ ಅಂಗಡಿಗಳಲ್ಲಿ ಕೂಸುಗಳ ಚಿತ್ರವನ್ನು ತೆಗೆಯಲು ಒಂದು ವಿಚಿತ್ರವಾದ ಉಪಾಯವು ರೂಢಿಗೆ ಬಂದಿತು. ತಾಯಿಯನ್ನು ಕುರ್ಚಿಯ ಮೇಲೆ ಕುಳ್ಳಿರಿಸಿ, ತಲೆಯಿಂದ ಪಾದದವರೆಗೆ ಬಟ್ಟೆಯನ್ನು ಹೊದಿಸಿ, ಆ ಬಟ್ಟೆಯ ಮೇಲೆ ಮಗುವನ್ನು ಕುಳ್ಳಿರಿಸುತ್ತಿದ್ದರು. ತಾಯಿಯ ಹಿಡಿತವಿಲ್ಲದೆ ಮಗು ನಿಲ್ಲದು. ಚಿತ್ರದಲ್ಲಿ ಮಾತ್ರ ಮಗುವೊಂದೇ ಕಾಣಬೇಕು. ಇಂತಹ ಹಳೆಯ ಚಿತ್ರಗಳನ್ನು ಇಂದು ನೋಡುವವರಿಗೆ ಮಗುವಿನ ಹಿಂದೆ ಬಟ್ಟೆ ಹೊದ್ದ ಒಂದು ಮಾನವಾಕೃತಿಯೂ, ಕೆಲವೊಮ್ಮೆ ಅಂಚಿನಲ್ಲಿ ಹೊರಚಾಚಿದ ಒಂದು ಕೈಯೂ ಗೋಚರವಾಗುತ್ತವೆ. ಆ ಕೈಯೇ ಇಡೀ ಚಿತ್ರದ ಆಧಾರವು.

ಸತ್ತ ಶಿಶುಗಳ ಚಿತ್ರಗಳನ್ನು ತೆಗೆಯಿಸುವ ಪದ್ಧತಿಯೂ ಯೂರೋಪು ಅಮೆರಿಕಗಳಲ್ಲಿ ಆ ಕಾಲದಲ್ಲಿ ವಿಪುಲವಾಗಿದ್ದಿತು. ಈಗಿನವರಿಗೆ ಇದು ಜುಗುಪ್ಸೆಯನ್ನು ಉಂಟುಮಾಡಬಹುದು. ಆದರೆ ಬದುಕಿದ್ದಾಗ ಮಗುವನ್ನು ಚಿತ್ರಗಾರನ ಬಳಿಗೆ ಒಯ್ಯುವ ಅವಕಾಶವೇ ದೊರೆಯದಿದ್ದ ತಂದೆತಾಯಿಗಳಿಗೆ ಅದೊಂದೇ ಚಿತ್ರವು ಆ ಮಗು ಲೋಕದಲ್ಲಿ ಇದ್ದಿತೆಂಬುದಕ್ಕೆ ಸಾಕ್ಷಿಯಾಗಿರುತ್ತಿದ್ದಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೂ ಹಿಂದೂಸ್ಥಾನದಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ ಸುಮಾರು 200 ಶಿಶುಗಳು ವರ್ಷ ತುಂಬುವುದರೊಳಗೆ ಅಳಿಯುತ್ತಿದ್ದವೆಂಬುದನ್ನು ನೆನೆದರೆ, ಚಿತ್ರವಿಲ್ಲದೆ, ಒಮ್ಮೊಮ್ಮೆ ಹೆಸರೂ ಇಲ್ಲದೆ ಹೋದ ಮುಖಗಳು ಎಷ್ಟೆಂಬುದು ಮನಸ್ಸಿಗೆ ಬಂದೀತು.

ಡಾರ್ವಿನ್ನನು 1872ರಲ್ಲಿ ಮನುಷ್ಯರ ಮತ್ತು ಪ್ರಾಣಿಗಳ ಭಾವಪ್ರಕಟನೆಯನ್ನು ಕುರಿತ ಗ್ರಂಥವನ್ನು ಹೊರಡಿಸಿದಾಗ ಅದರಲ್ಲಿ ಅಳುವ ಕೂಸುಗಳ ಚಿತ್ರಗಳನ್ನು ಸೇರಿಸಿದನು. ಅವುಗಳನ್ನು ಒದಗಿಸಿದವನು ಸ್ವೀಡನ್ನಿನಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲಸಿದ ರೈಲ್ಯಾಂಡರ್ ಎಂಬ ಛಾಯಾಗ್ರಾಹಕನು. ಅವುಗಳಲ್ಲಿ ಒಂದು ಚಿತ್ರವು ಜನರ ಮನಸ್ಸನ್ನು ಸೆರೆಹಿಡಿದು ಬಹುವಾಗಿ ಮಾರಾಟವಾಯಿತು. ಗ್ರಂಥದಲ್ಲಿ ಮುದ್ರಿತವಾದುದು ಮಗುವಿನಿಂದ ನೇರವಾಗಿ ತೆಗೆದ ಚಿತ್ರವಲ್ಲ, ಛಾಯಾಚಿತ್ರವನ್ನು ನೋಡಿ ಕೈಯಿಂದ ಬರೆದ ಚಿತ್ರದ ಛಾಯಾಚಿತ್ರವೆಂಬುದನ್ನು ಸಂಶೋಧಕರು ಅನಂತರ ತೋರಿಸಿಕೊಟ್ಟರು. ಅಂದಿನ ನಿಪುಣನೂ ಅಳುವ ಮಗುವಿನ ಮುಂದೆ ಕೈಚಳಕವನ್ನು ಆಶ್ರಯಿಸಬೇಕಾಯಿತು.

ಇದೇ ಕಾಲದಲ್ಲಿ ಒಬ್ಬ ಗೃಹಿಣಿಯು ಈ ವಿದ್ಯೆಯನ್ನು ಅಂಗಡಿಯಿಂದ ಮನೆಯ ಹಿತ್ತಿಲಿಗೆ ತಂದಳು. ಆಕೆ ಜೂಲಿಯಾ ಮಾರ್ಗರೆಟ್ ಕ್ಯಾಮರನ್. 1815ರ ಜೂನ್ 11ರಂದು ಕಲ್ಕತ್ತೆಯಲ್ಲಿ ಹುಟ್ಟಿದವಳು. ಇಂಗ್ಲೆಂಡಿನ ವೈಟ್ ದ್ವೀಪದಲ್ಲಿ ವಾಸವಾಗಿದ್ದಾಗ, 1863ರಲ್ಲಿ, ತನ್ನ 48ನೆಯ ವಯಸ್ಸಿನಲ್ಲಿ, ಮಗಳಿಂದಲೂ ಅಳಿಯನಿಂದಲೂ ಒಂದು ಕ್ಯಾಮರಾವನ್ನು ಉಡುಗೊರೆಯಾಗಿ ಪಡೆದಳು. ಕಲ್ಲಿದ್ದಲಿನ ಕೊಟ್ಟಿಗೆಯು ಕತ್ತಲೆಕೋಣೆಯಾಯಿತು. ಕೋಳಿಗೂಡು ಗಾಜಿನ ಮನೆಯಾಯಿತು. ನೆರೆಹೊರೆಯವರೂ ಮನೆಗೆಲಸದವರೂ ಮಕ್ಕಳೂ ಆಕೆಯ ಚಿತ್ರಗಳಿಗೆ ವಿಷಯವಾದರು. 1865ರಲ್ಲಿ ಎರಡು ವರ್ಷ ಮೂರು ತಿಂಗಳ ಮೊಮ್ಮಗನ ಚಿತ್ರಗಳನ್ನು ತೆಗೆದಾಗ ಆಕೆ ಆಶ್ರಯಿಸಿದುದು ಮಗುವಿನ ನಿದ್ದೆಯನ್ನು. ಎಚ್ಚರದ ಮಗು ಯಂತ್ರಕ್ಕೆ ಸಿಕ್ಕದು. ಮಲಗಿದ ಮಗು ಸಿಕ್ಕೀತು. ಕಿಟಕಿಯ ಪಕ್ಕದಲ್ಲಿ, ಹಾಲು ಕುಡಿದು ಮಲಗಿದ ಕೂಸಿನ ಚಿತ್ರವನ್ನು ತೆಗೆಯುವ ಇಂದಿನ ತಾಯಂದಿರೆಲ್ಲರೂ ಅರಿತೋ ಅರಿಯದೆಯೋ ಈ ಅಜ್ಜಿಯ ಮಾರ್ಗವನ್ನೇ ಹಿಡಿದಿದ್ದಾರೆ. ಆಕೆಯು 1875ರಲ್ಲಿ ಸಿಂಹಳಕ್ಕೆ ತೆರಳಿ 1879ರಲ್ಲಿ ಅಲ್ಲಿಯೇ ದೇಹಬಿಟ್ಟಳು.

ಮೊದಲನೆಯ ಅಡ್ಡಿಯಾದ ಕಾಲವನ್ನು ಗೆದ್ದುದು ಒಣಫಲಕವು. 1871ರಲ್ಲಿ ಮ್ಯಾಡಕ್ಸ್ ಎಂಬ ವೈದ್ಯನು ಸೂಚಿಸಿದ ಜಿಲೆಟಿನ್ ಲೇಪವು ಆ ದಶಕದ ಕೊನೆಯ ಹೊತ್ತಿಗೆ ಕಾರ್ಖಾನೆಗಳಲ್ಲಿ ತಯಾರಾಗತೊಡಗಿ, ಒಂದು ಕ್ಷಣದ ಅತ್ಯಲ್ಪಾಂಶವೇ ಚಿತ್ರಕ್ಕೆ ಸಾಕೆಂಬಂತಾಯಿತು. ಮೂರನೆಯ ಅಡ್ಡಿಯಾದ ವಿದ್ಯೆಯನ್ನು ನಿವಾರಿಸಿದವನು ಅಮೆರಿಕದ ಜಾರ್ಜ್ ಈಸ್ಟ್‌ಮನ್ನನು. 1888ರಲ್ಲಿ ಅವನು ಮಾರಾಟಕ್ಕೆ ತಂದ ಕೊಡಕ್ ಎಂಬ ಪೆಟ್ಟಿಗೆಯ ಬೆಲೆ 25 ಡಾಲರು. ಅದರೊಳಗೆ 100 ಚಿತ್ರಗಳಿಗೆ ಸಾಲುವ ಸುರುಳಿ. ಗ್ರಾಹಕನು ಗುಂಡಿಯನ್ನು ಒತ್ತಿ, ಸುರುಳಿ ಮುಗಿದಾಗ ಪೆಟ್ಟಿಗೆಯನ್ನೇ ರಾಚೆಸ್ಟರಿಗೆ ಕಳುಹಿಸಿದರೆ, 10 ಡಾಲರಿಗೆ ಚಿತ್ರಗಳೂ ಹೊಸ ಸುರುಳಿಯನ್ನು ತುಂಬಿದ ಪೆಟ್ಟಿಗೆಯೂ ಹಿಂದಿರುಗಿ ಬರುತ್ತಿದ್ದವು. 1900ರಲ್ಲಿ ಬ್ರೌನಿ ಎಂಬ ಕ್ಯಾಮರಾವು ಒಂದೇ ಡಾಲರಿಗೆ ದೊರೆಯುವಂತಾಯಿತು. ರಸಾಯನಶಾಸ್ತ್ರವನ್ನು ಅರಿಯದ ತಾಯಿಯೂ ಈಗ ಛಾಯಾಗ್ರಾಹಕಳಾಗಬಹುದಾಗಿದ್ದಿತು.

ಎರಡನೆಯ ಅಡ್ಡಿಯಾದ ಬೆಳಕು ಮಾತ್ರ ಬಹುಕಾಲ ಉಳಿಯಿತು. ಆ ಅಗ್ಗದ ಪೆಟ್ಟಿಗೆಗಳಿಗೆ ಬಿಸಿಲು ಬೇಕು. ಬಾಣಂತಿಯ ಕೋಣೆಯಲ್ಲಿ ಬಿಸಿಲೆಲ್ಲಿಯದು? ಕನ್ನಡನಾಡಿನ ಹಳೆಯ ಮನೆಗಳಲ್ಲಂತೂ ಗಾಳಿ ಬೆಳಕುಗಳು ಸೋಕದಂತೆ ಬಾಣಂತಿಯನ್ನೂ ಕೂಸನ್ನೂ ಒಳಕೋಣೆಯಲ್ಲಿ ಇಡುವುದೇ ಸಂಪ್ರದಾಯವಾಗಿದ್ದಿತು. ಅದರೊಡನೆ ದೃಷ್ಟಿದೋಷದ ಭೀತಿಯೂ, ಚಿತ್ರವನ್ನು ತೆಗೆಯಿಸಿದರೆ ಆಯುಸ್ಸು ಕ್ಷೀಣಿಸುವುದೆಂಬ ನಂಬಿಕೆಯೂ ಹಿರಿಯರಲ್ಲಿ ಇದ್ದವು. ಪಾರಸ್ಕರಾದಿ ಗೃಹ್ಯಸೂತ್ರಗಳು ನಿಷ್ಕ್ರಮಣವೆಂಬ ಸಂಸ್ಕಾರವನ್ನು ನಾಲ್ಕನೆಯ ತಿಂಗಳಿಗೆ ವಿಧಿಸಿವೆ. ಅಂದು ತಂದೆಯು ಶಿಶುವನ್ನು ಮನೆಯಿಂದ ಹೊರಗೆ ತಂದು ಸೂರ್ಯದರ್ಶನವನ್ನು ಮಾಡಿಸಬೇಕು. ಬಿಸಿಲನ್ನು ಬೇಡುವ ಯಂತ್ರವೂ ನಾಲ್ಕು ತಿಂಗಳವರೆಗೆ ಸೂರ್ಯನನ್ನು ಕಾಣದ ಶಿಶುವೂ ಸಂಧಿಸುವುದು ಹೇಗೆ? ಹಳೆಯ ಮನೆಗಳ ಗೋಡೆಗಳ ಮೇಲಿನ ಚಿತ್ರಗಳಲ್ಲಿ ಕೂತು ಆಡುವ ಮಕ್ಕಳು ಸಿಕ್ಕುವಷ್ಟು ಸುಲಭವಾಗಿ ತೊಟ್ಟಿಲ ಕೂಸುಗಳು ಸಿಕ್ಕದಿರುವುದು ಆಶ್ಚರ್ಯವಲ್ಲ.

ಕೃತಕವಾದ ಬೆಳಕಿಗಾಗಿ ಜರ್ಮನಿಯಲ್ಲಿ 1887ರಲ್ಲಿ ಮೆಗ್ನೀಸಿಯಂ ಸೇರಿದ ಮಿಂಚುಪುಡಿಯೊಂದನ್ನು ಕಂಡುಹಿಡಿದರು. ಅದು ಸಿಡಿಮದ್ದಿನಂತೆ ಭುಗಿಲೆಂದು ಉರಿದು ಕೋಣೆಯನ್ನೆಲ್ಲ ಹೊಗೆಯಿಂದ ತುಂಬುತ್ತಿದ್ದಿತಾದುದರಿಂದ ಹಸುಗೂಸಿನ ಬಳಿ ಅದನ್ನು ಉರಿಸುವ ಧೈರ್ಯವು ಯಾವ ತಾಯಿಗೂ ಬರುವಂತಿರಲಿಲ್ಲ. 1929-30ರಲ್ಲಿ ಗಾಜಿನ ಬುರುಡೆಯೊಳಗೆ ಉರಿಯುವ ಮಿಂಚುದೀಪಗಳು ಬಂದ ತರುವಾಯವೇ ಮನೆಯ ಒಳಕೋಣೆಯು ಯಂತ್ರಕ್ಕೆ ತೆರೆಯಿತು.

ಹಿಂದೂಸ್ಥಾನದಲ್ಲಿ ಈ ವಿದ್ಯೆಯು ಬೇಗನೆ ಬೇರೂರಿತು. ಮುಂಬಯಿಯಲ್ಲಿ 1854ರಲ್ಲಿಯೂ, ಬಂಗಾಳದಲ್ಲಿಯೂ ಮದರಾಸಿನಲ್ಲಿಯೂ 1856ರಲ್ಲಿಯೂ ಛಾಯಾಗ್ರಾಹಕರ ಸಂಘಗಳು ಸ್ಥಾಪಿತವಾದವು. ಆದರೆ ಅಂತಃಪುರದ ಸ್ತ್ರೀಯರೂ ಅವರ ಮಡಿಲ ಮಕ್ಕಳೂ ಪರಪುರುಷನಾದ ಛಾಯಾಗ್ರಾಹಕನ ಮುಂದೆ ಬರುವುದೆಂತು? ಈ ತೊಡಕಿಗೆ ಎರಡು ಪರಿಹಾರಗಳು ದೊರೆತವು. ಒಂದು, ಸ್ತ್ರೀಯರ ಚಿತ್ರವನ್ನು ಸ್ತ್ರೀಯರೇ ತೆಗೆಯುವುದು. ಲಾಲಾ ದೀನದಯಾಳನು 1892ರಲ್ಲಿ ಹೈದರಾಬಾದಿನಲ್ಲಿ ಸ್ತ್ರೀಯರಿಗಾಗಿಯೇ ಒಂದು ಚಿತ್ರಶಾಲೆಯನ್ನು ತೆರೆದು ಅದರ ಮೇಲ್ವಿಚಾರಣೆಯನ್ನು ಸ್ತ್ರೀಯೊಬ್ಬಳಿಗೇ ವಹಿಸಿದನು. ಇನ್ನೊಂದು, ಮನೆಯ ಯಜಮಾನನೇ ಛಾಯಾಗ್ರಾಹಕನಾಗುವುದು. ಜಯಪುರದ ಮಹಾರಾಜ ಎರಡನೆಯ ಸವಾಯಿ ರಾಮಸಿಂಹನು ತನ್ನ ಅಂತಃಪುರದ ಸ್ತ್ರೀಯರ ಚಿತ್ರಗಳನ್ನು ತಾನೇ ತೆಗೆದನು. ತ್ರಿಪುರದ ಮಹಾರಾಜ ಬೀರಚಂದ್ರ ಮಾಣಿಕ್ಯನೂ ಅವನ ಪತ್ನಿ ಮನಮೋಹಿನೀ ದೇವಿಯೂ ಈ ವಿದ್ಯೆಯನ್ನು ಅಭ್ಯಾಸಮಾಡಿದ್ದರು. ಅನ್ಯರಿಗೆ ಅಗಮ್ಯವಾದ ಸ್ಥಳದಲ್ಲಿ ಮನೆಯವರಿಗೆ ಮಾತ್ರ ದೊರೆಯುವ ಚಿತ್ರವೊಂದು ಉಂಟೆಂಬುದನ್ನು ಈ ದೃಷ್ಟಾಂತಗಳು ತೋರಿಸುತ್ತವೆ.

ಇವರೆಲ್ಲರಿಗಿಂತಲೂ ಹೃದಯಂಗಮವಾದುದು ಉಮರಾವ್ ಸಿಂಗ್ ಶೇರ್‌ಗಿಲ್ಲನ ಚರಿತ್ರೆ. ಈತನು 1870ರಲ್ಲಿ ಪಂಜಾಬಿನ ಮಜೀಠಿಯಾ ಮನೆತನದಲ್ಲಿ ಹುಟ್ಟಿದವನು; ಸಂಸ್ಕೃತ ಮತ್ತು ಪಾರಸೀ ಭಾಷೆಗಳಲ್ಲಿ ವಿದ್ವಾಂಸನು. ಛಾಯಾಗ್ರಹಣವು ಅವನಿಗೆ ಜೀವಿಕೆಯಲ್ಲ, ಪ್ರೀತಿಯ ವ್ಯಾಸಂಗವು. ಹಂಗೆರಿ ದೇಶದ ಪತ್ನಿಯಲ್ಲಿ 1913ರ ಜನವರಿ 30ರಂದು ಬುಡಾಪೆಸ್ಟ್ ನಗರದಲ್ಲಿ ಅವನಿಗೆ ಹಿರಿಯ ಮಗಳು ಅಮೃತಾ ಜನಿಸಿದಳು. ಮಹಾಯುದ್ಧದ ಕಾಲದಲ್ಲಿ ಸ್ವದೇಶಕ್ಕೆ ಮರಳಲಾರದೆ 1921ರವರೆಗೆ ಆ ಸಂಸಾರವು ಹಂಗೆರಿಯಲ್ಲಿಯೇ ಇದ್ದಿತು. ಅಲ್ಲಿಯೂ ಅನಂತರ ಸಿಮ್ಲಾ ಪ್ಯಾರಿಸ್ಸುಗಳಲ್ಲಿಯೂ ತಂದೆಯು ಪತ್ನಿಯ, ಇಬ್ಬರು ಹೆಣ್ಣುಮಕ್ಕಳ, ಮತ್ತು ತನ್ನ ಚಿತ್ರಗಳನ್ನು ದಶಕಗಳ ಕಾಲ ತೆಗೆಯುತ್ತಲೇ ಹೋದನು. ಆ ಮಗಳು ದೇಶದ ಅಗ್ರಗಣ್ಯ ಚಿತ್ರಕಲಾವಿದೆಯಾಗಿ, 1941ರ ಡಿಸೆಂಬರಿನಲ್ಲಿ, ತನ್ನ 28ನೆಯ ವಯಸ್ಸಿನಲ್ಲಿ, ಲಾಹೋರಿನಲ್ಲಿ ತೀರಿಕೊಂಡಳು. ತಂದೆಯು 1954ರವರೆಗೆ ಬದುಕಿದನು. ಮಗಳ ಬಾಲ್ಯವನ್ನು ಮುಂದೆ ಅವಳಿಗೆ ತೋರಿಸೋಣವೆಂದು ಕೂಡಿಟ್ಟ ಚಿತ್ರಗಳು ಮಗಳಿಲ್ಲದ ಮನೆಯಲ್ಲಿ ತಂದೆಯ ಪಾಲಿಗೆ ಉಳಿದವು. ಅವನ ಮೊಮ್ಮಗ ವಿವಾನ್ ಸುಂದರಮನು 2001-02ರಲ್ಲಿ ಅವೇ ಚಿತ್ರಗಳನ್ನು ಜೋಡಿಸಿ ಹೊಸ ಕಲಾಕೃತಿಗಳನ್ನು ರಚಿಸಿದನು. ಒಬ್ಬ ತಂದೆಯು ಮನೆಯಲ್ಲಿ ತೆಗೆದ ಚಿತ್ರಗಳು ಮೂರನೆಯ ತಲೆಮಾರಿಗೆ ಚರಿತ್ರೆಯಾದವು.

ಸಾಮಾನ್ಯರ ಮನೆಗಳಿಗೆ ಈ ಭಾಗ್ಯವು ಬಂದುದು ಸ್ವಾತಂತ್ರ್ಯಾನಂತರದಲ್ಲಿ. ಬರೋಡದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ ಕ್ಯಾಮರಾವು ಅನೇಕ ಮಧ್ಯಮವರ್ಗದ ಮನೆಗಳನ್ನು ಪ್ರವೇಶಿಸಿತು. ಒಂದು ಸುರುಳಿಗೆ 12 ಚಿತ್ರಗಳು. ಆದುದರಿಂದ ಪ್ರತಿಯೊಂದನ್ನೂ ಯೋಚಿಸಿ ತೆಗೆಯಬೇಕಾಗಿದ್ದಿತು. ನಾಮಕರಣಕ್ಕೆ ಎರಡು, ಹೊಸ್ತಿಲು ದಾಟಿದ ದಿನಕ್ಕೆ ಒಂದು, ಅಜ್ಜಿಯ ಮಡಿಲಿನಲ್ಲಿ ಒಂದು, ಹೀಗೆ ಲೆಕ್ಕಹಾಕಿ ವೆಚ್ಚಮಾಡುತ್ತಿದ್ದರು.

ಛಾಯಾಗ್ರಹಣದ ಮುಂದಿನ ಕ್ರಾಂತಿಗಳೆಲ್ಲ ಮಕ್ಕಳ ಸುತ್ತಲೇ ನಡೆದಿರುವುದು ಗಮನಿಸತಕ್ಕ ವಿಷಯವು. 1943ರಲ್ಲಿ ಅಮೆರಿಕದ ಎಡ್ವಿನ್ ಲ್ಯಾಂಡನು ತನ್ನ ಮೂರು ವರ್ಷದ ಮಗಳ ಚಿತ್ರವನ್ನು ತೆಗೆದಾಗ, ಅದನ್ನು ಈಗಲೇ ಏಕೆ ನೋಡಬಾರದೆಂದು ಮಗುವು ಕೇಳಿತಂತೆ. ಆ ಪ್ರಶ್ನೆಯ ಫಲವಾಗಿ ಒಂದೇ ನಿಮಿಷದಲ್ಲಿ ಚಿತ್ರವನ್ನು ಕೊಡುವ ಕ್ಯಾಮರಾವು 1947ರಲ್ಲಿ ಪ್ರದರ್ಶಿತವಾಗಿ 1948ರ ನವೆಂಬರಿನಲ್ಲಿ ಬೋಸ್ಟನ್ನಿನಲ್ಲಿ ಮಾರಾಟಕ್ಕೆ ಬಂದಿತು. 1957ರಲ್ಲಿ ಅಮೆರಿಕದ ಸರ್ಕಾರಿ ಪ್ರಯೋಗಶಾಲೆಯಲ್ಲಿ ರಸೆಲ್ ಕಿರ್ಶ್ ಎಂಬ ವಿಜ್ಞಾನಿಯು ಚಿತ್ರವೊಂದನ್ನು ಗಣಕಯಂತ್ರವು ಓದುವಂತೆ ಅಂಕಿಗಳಾಗಿ ಮಾರ್ಪಡಿಸಿದನು. ಇಂದಿನ ಎಲ್ಲ ಅಂಕೀಯ ಚಿತ್ರಗಳಿಗೂ ಮೂಲಪುರುಷನಾದ ಆ ಚಿತ್ರವು ಯಾವುದು? ಅವನ ಮೂರು ತಿಂಗಳ ಮಗನ ಮುಖವು. ಐದು ಸೆಂಟಿಮೀಟರು ಚೌಕದ ಆ ಚಿತ್ರದಲ್ಲಿ ಅಡ್ಡಕ್ಕೆ 176, ಉದ್ದಕ್ಕೆ 176 ಬಿಂದುಗಳಿದ್ದವು. 1975ರಲ್ಲಿ ಕೊಡಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ನನು ಸುರುಳಿಯೇ ಬೇಡವಾದ ಕ್ಯಾಮರಾವನ್ನು ನಿರ್ಮಿಸಿದನು. ಒಂದು ಚಿತ್ರವನ್ನು ದಾಖಲಿಸಲು ಅದಕ್ಕೆ 23 ಸೆಕೆಂಡುಗಳು ಹಿಡಿಯುತ್ತಿದ್ದವು. ಕಡೆಗೆ 1997ರ ಜೂನ್ 11ರಂದು ಕ್ಯಾಲಿಫೋರ್ನಿಯದ ಸಾಂತಾ ಕ್ರೂಸ್ ನಗರದ ಹೆರಿಗೆಯ ಆಸ್ಪತ್ರೆಯಲ್ಲಿ ಫಿಲಿಪ್ ಕಾನ್ ಎಂಬ ತಂದೆಯು ಕ್ಯಾಮರಾವನ್ನೂ ಕೈಫೋನನ್ನೂ ಗಣಕವನ್ನೂ ತಂತಿಯಿಂದ ಬೆಸೆದು, ಆಗತಾನೆ ಹುಟ್ಟಿದ ಮಗಳ ಚಿತ್ರವನ್ನು 2,000ಕ್ಕೂ ಹೆಚ್ಚು ಮಂದಿಗೆ ಆ ಕ್ಷಣವೇ ಕಳುಹಿಸಿದನು. ಕಲ್ಕತ್ತೆಯಲ್ಲಿ ಜೂಲಿಯಾ ಕ್ಯಾಮರನ್ ಹುಟ್ಟಿ ಆ ದಿನಕ್ಕೆ ಸರಿಯಾಗಿ 182 ವರ್ಷಗಳಾಗಿದ್ದವು.

ಈಗ ಕಾಲ, ಬೆಳಕು, ವಿದ್ಯೆ ಎಂಬ ಮೂರು ಅಡ್ಡಿಗಳೂ ಇಲ್ಲ. ಆದರೆ ಹಳೆಯ ಸಂಗತಿಗಳು ಹೊಸ ವೇಷದಲ್ಲಿ ಮರಳುತ್ತಿವೆ. ಇಂದಿನ ವೃತ್ತಿಪರ ಛಾಯಾಗ್ರಾಹಕರು ಕೂಸು ತನ್ನ ಅಂಗೈಗಳ ಮೇಲೆ ಗಲ್ಲವನ್ನೂರಿ ಮಲಗಿದಂತೆ ತೋರಿಸುವ ಚಿತ್ರಗಳು ಬಹು ಜನಪ್ರಿಯವಾಗಿವೆ. ನವಜಾತ ಶಿಶುವು ತನ್ನ ತಲೆಯ ಭಾರವನ್ನು ತಾನು ಹೊರಲಾರದು. ಆದುದರಿಂದ ಒಬ್ಬರು ತಲೆಯನ್ನು ಹಿಡಿದಾಗ ಒಂದು, ಕೈಗಳನ್ನು ಹಿಡಿದಾಗ ಇನ್ನೊಂದು, ಹೀಗೆ ಎರಡು ಚಿತ್ರಗಳನ್ನು ತೆಗೆದು, ಗಣಕದಲ್ಲಿ ಬೆಸೆದು, ಹಿಡಿದವರ ಕೈಯನ್ನು ಅಳಿಸಿಬಿಡುತ್ತಾರೆ. ಇದನ್ನರಿಯದೆ ಮನೆಯಲ್ಲಿ ಅನುಕರಿಸುವುದು ಶಿಶುವಿಗೆ ಅಪಾಯಕರವು. ಅಂದು ಬಟ್ಟೆಯ ಕೆಳಗೆ ಮರೆಯಾದ ತಾಯಿಯ ಕೈಯೇ ಇಂದು ಗಣಕದಲ್ಲಿ ಮಾಯವಾಗುತ್ತಿದೆ. ಮನೆಯಲ್ಲಿ ಚಿತ್ರವನ್ನು ತೆಗೆಯುವವರಿಗೆ ಆ ಕೈಯನ್ನು ಮರೆಸಬೇಕಾದ ನಿರ್ಬಂಧವೇನೂ ಇಲ್ಲ. ತಲೆಯನ್ನು ಆತುಕೊಂಡಿರುವ ಅಂಗೈ, ಅಜ್ಜಿಯ ಬಳೆಯ ಮುಂಗೈ, ಇವು ಚಿತ್ರದಲ್ಲಿ ಇರತಕ್ಕವೇ. ಐವತ್ತು ವರ್ಷಗಳ ತರುವಾಯ ಆ ಮಗು ತನ್ನ ಮುಖಕ್ಕಿಂತಲೂ ಮೊದಲು ಹುಡುಕುವುದು ಆ ಕೈಗಳನ್ನಾಗಿದ್ದೀತು.

ಇನ್ನೊಂದು ವಿಚಾರವೂ ಇದೆ. ಒಂದು ಕಾಲದಲ್ಲಿ ಚಿತ್ರವಿಲ್ಲದುದೇ ದುಃಖವಾಗಿದ್ದಿತು. ಈಗ ಚಿತ್ರಗಳು ಮಿತಿಮೀರಿರುವುದೇ ತೊಂದರೆಯಾಗಿದೆ. ಸಾವಿರಾರು ಚಿತ್ರಗಳು ಒಂದು ಕೈಫೋನಿನಲ್ಲಿ ತುಂಬಿರುತ್ತವೆ. ಫೋನು ಕೆಟ್ಟರೆ ಅಥವಾ ಕಳೆದರೆ ಎಲ್ಲವೂ ಒಟ್ಟಿಗೆ ಹೋಗುತ್ತವೆ. ನೂರು ವರ್ಷಗಳಿಗೂ ಹೆಚ್ಚು ಕಾಲ ಮನೆಮಂದಿಯ ಚಿತ್ರಗಳನ್ನು ಕೊಟ್ಟ ಕೊಡಕ್ ಸಂಸ್ಥೆಯೇ 2012ರಲ್ಲಿ ದಿವಾಳಿಯ ರಕ್ಷಣೆಯನ್ನು ಬೇಡಬೇಕಾಯಿತೆಂಬುದನ್ನು ನೆನೆದರೆ, ಚಿತ್ರಗಳನ್ನು ಕಾಪಾಡುವ ಹೊಣೆಯನ್ನು ಯಾವ ಸಂಸ್ಥೆಗೂ ಸಂಪೂರ್ಣವಾಗಿ ಒಪ್ಪಿಸಲಾಗದೆಂಬುದು ಸ್ಪಷ್ಟವಾಗುತ್ತದೆ. ಉಮರಾವ್ ಸಿಂಗನ ಚಿತ್ರಗಳು ಮೊಮ್ಮಗನ ಕಾಲಕ್ಕೆ ಉಳಿದುದು ಅವುಗಳನ್ನು ಮನೆಯವರು ಜೋಪಾನಮಾಡಿದುದರಿಂದ.

ಆದುದರಿಂದ ಸಾವಿರದಲ್ಲಿ ಹತ್ತನ್ನಾದರೂ ಆರಿಸಿ, ಒಳ್ಳೆಯ ಕಾಗದದ ಮೇಲೆ ಮುದ್ರಿಸಿ, ಹಿಂಬದಿಯಲ್ಲಿ ದಿನಾಂಕವನ್ನೂ ಸ್ಥಳವನ್ನೂ ಮಗುವಿನ ಹೆಸರನ್ನೂ ಎತ್ತಿಕೊಂಡವರ ಹೆಸರನ್ನೂ ಚಿತ್ರವನ್ನು ತೆಗೆದವರ ಹೆಸರನ್ನೂ ಬರೆದು, ಬಿಸಿಲೂ ತೇವವೂ ತಾಗದ ಕಡೆಯಲ್ಲಿ ಇಡುವುದು ಪ್ರತಿಯೊಂದು ಮನೆಯವರಿಗೂ ಉಚಿತವು. ಜಾತಕವನ್ನು ಇಟ್ಟಿರುವ ಪೆಟ್ಟಿಗೆಯಲ್ಲಿಯೇ ಅದಕ್ಕೆ ಸ್ಥಳವುಂಟು.